ಪಟ್ಟಿಯ ಬಿಗಿ

ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಯಾರ ಕೈಗಾದರೂ ಪಟ್ಟಿ ಕಟ್ಟಿದ್ದು ಕಂಡರೆ ಸುಮ್ಮನೆ ಕೂಡಲಾಗುವುದಿಲ್ಲ. ಗುರುತಿನವರಿರಲಿ ಇಲ್ಲದಿರಲಿ, ಹತ್ತಿರ ಹೋಗಿ ಅವರ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಬೇಕು. ಒತ್ತಿದಾಗ ಉಗುರು ಬೆಳ್ಳಗಾಗುತ್ತದೆ. ಬಿಟ್ಟ ಕೂಡಲೇ ಕೆಂಪು ತಿರುಗಿ ಬರಬೇಕು. ಬಂದರೆ ನನ್ನ ಜೀವ ತಣ್ಣಗಾಗುತ್ತದೆ.

ಹೋದ ವಾರ ಚಿಕ್ಕೋಡಿಯ ಒಂದು ಚಹಾದಂಗಡಿಯಲ್ಲಿ ಹೀಗೇ ಆಯಿತು. ಎದುರಿನ ಬಾಕಿನ ಮೇಲೆ ಒಬ್ಬ ಯಜಮಾನರು ಮುರಿದ ಕೈಯನ್ನು ಕೊರಳಿಗೆ ಜೋತುಬಿಟ್ಟುಕೊಂಡು ಬಸಿಯಲ್ಲಿ ಚಹಾ ಹೀರುತ್ತಿದ್ದರು. ನಾನು ಎದ್ದುಹೋಗಿ, ಕೇಳದೆಯೇ ಅವರ ಹೆಬ್ಬೆರಳು ಹಿಡಿದೆ.

"ಏನ್ರಿ, ಭವಿಷ್ಯ ಹೇಳ್ತೀರೇನ? ಅಂಗೈ ಈ ಕಡಿ ಐತ್ರಿ" ಎಂದರು.

"ರಕ್ತ ಹರ್ಯಾಕತ್ತೇತೋ ಇಲ್ಲೋ ನೋಡಿದ್ನಿ, ಯಜಮಾನ್ರ."

"ಡಾಕ್ಟರೇನ್ರಿ?"

"ಅಲ್ರಿ. ಪಿಟಿ ಮಾಸ್ತರ."

ಅವರು ಕೈಯನ್ನು ಹಿಂದಕ್ಕೆಳೆದುಕೊಂಡರು. ನನ್ನ ಹೆಂಡತಿ ಮಹಾದೇವಿ ಸೆರಗಿನಿಂದ ಮುಖ ಮುಚ್ಚಿಕೊಂಡು, "ಇನ್ನ ಮ್ಯಾಲ ನಿಮ್ಮ ಜೋಡಿ ಚಹಾಕ್ಕೂ ಬರೂದಿಲ್ಲ ನಾ" ಎಂದಳು. ಆಕೆ ಹೇಳುವುದು ನ್ಯಾಯವೇ. ಆದರೆ ಈ ಚಾಳಿ ಬಂದದ್ದು ಹೇಗೆಂದು ಆಕೆಗೆ ಗೊತ್ತು. ಆದ್ದರಿಂದ ಅದಕ್ಕಿಂತ ಹೆಚ್ಚು ಬಯ್ಯಲಿಲ್ಲ.

ಪಿಟಿ ಮಾಸ್ತರ ಎಂದದ್ದು ಪೂರ್ತಿ ನಿಜವಲ್ಲ. ನಾನು ಶಾಲೆಯ ಮಕ್ಕಳಿಗೆ ಕಲಿಸುವವನಲ್ಲ, ಅವರಿಗೆ ಆಟ ಕಲಿಸುವ ಮಾಸ್ತರರನ್ನು ತಯಾರು ಮಾಡುವ ಕಾಲೇಜಿನಲ್ಲಿ ಕಲಿಸುವವನು. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲ ಕಡೆಯಿಂದ ನಮ್ಮಲ್ಲಿಗೆ ಹುಡುಗ ಹುಡುಗಿಯರು ಬರುತ್ತಾರೆ. ಎರಡು ವರ್ಷ ಬೆವರು ಸುರಿಸಿ, ಕೊರಳಿಗೆ ಸೀಟಿ ಹಾಕಿಕೊಂಡು ಹೋಗುತ್ತಾರೆ. ನನ್ನ ಹೊಟ್ಟೆಯ ಗಾತ್ರ ನೋಡಿದವರು ನಾನು ಗಣಿತ ಕಲಿಸುತ್ತೇನೆಂದು ತಿಳಿಯುತ್ತಾರೆ. ಅದನ್ನು ನಾನು ತಿದ್ದಲು ಹೋಗುವುದಿಲ್ಲ.

ನಾನು ಈ ದಾರಿ ಹಿಡಿಯಲು ಕಾರಣ ಐನಾಪುರದ ನಮ್ಮ ಶಾಲೆಯ ಕಾಂಬಳೆ ಮಾಸ್ತರರು. ಬಡಕಲು ಮನುಷ್ಯ, ದನಿ ಮಾತ್ರ ಊರ ತುದಿಯ ಕಬ್ಬಿನ ಹೊಲದ ತನಕ ಕೇಳುತ್ತಿತ್ತು. ಅವರು ಪ್ರಥಮ ಚಿಕಿತ್ಸೆ ಕಲಿಸುವ ದಿನ ಮನೆಯಿಂದ ಹಳೆಯ ಧೋತರ ಹರಿದ ಪಟ್ಟಿಗಳನ್ನು ಒಗೆದು ಒಣಗಿಸಿ ತರುತ್ತಿದ್ದರು. ಹುಡುಗರನ್ನು ಬೇವಿನ ಗಿಡದ ಕೆಳಗೆ ಸಾಲಾಗಿ ಕೂಡಿಸಿ, ಒಬ್ಬೊಬ್ಬನ ಕೈಗೂ ತಾವೇ ಕಟ್ಟುವರು. ಮೊದಲು ಬೇಕೆಂದೇ ಬಿಗಿಯಾಗಿ ಕಟ್ಟಿ, ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಕಾಯುವರು.

"ಈಗ ಏನ ಅನಸಾಕತ್ತೇತಿ, ಹೇಳಲೇ."

"ಬೆರಳಾಗ ಇರುವಿ ಹರದಂಗ ಆಗತೈತ್ರಿ ಸರ್."

"ಹಾಂ. ಅದು ಬಿಗಿ ಹೆಚ್ಚಾದದ್ದು. ಅದನ್ನ ಕೈಯಾಗ ನೆನಪಿಟ್ಕೋ, ತಲಿಯಾಗ ಅಲ್ಲ."

ಆಮೇಲೆ ಬಿಚ್ಚಿ, ಸರಿಯಾಗಿ ಕಟ್ಟಿ, ಉಗುರು ಒತ್ತಿ ತೋರಿಸುವರು. ನಾನು ಒಂದು ಸಲ ಓಟ ತಪ್ಪಿಸಲು, ಪಟ್ಟಿ ಬಿಚ್ಚಿದ ಮೇಲೂ ಇರುವೆ ಹರಿಯುತ್ತಿವೆ ಎಂದು ಅತ್ತೆ. ಮಾಸ್ತರರು ಗಂಭೀರವಾಗಿ ಕೈ ತಿರುಗಿಸಿ ನೋಡಿ, "ಇರುವಿ ಕಾಲಿಗಿ ಇನ್ನಾ ಇಳದಿಲ್ಲ. ಓಡು" ಎಂದರು. ಆ ದಿನ ಮೈದಾನಕ್ಕೆ ಎರಡು ಸುತ್ತು ಹೆಚ್ಚು ಓಡಿದೆ.

ನಾನು ಕಾಲೇಜು ಸೇರಿದ ಮೇಲೆ ಇದೇ ಪದ್ಧತಿ ಇಟ್ಟುಕೊಂಡೆ. ಅರವತ್ತು ಮಂದಿ ಇದ್ದರೆ ಅರವತ್ತು ಕೈ. ಎರಡು ದಿನ ಹಿಡಿಯುತ್ತಿತ್ತು. ಮುಗಿಯುವ ಹೊತ್ತಿಗೆ ನನ್ನ ಬೆರಳುಗಳೇ ಸೆಟೆದುಕೊಳ್ಳುತ್ತಿದ್ದವು.

ಕೊರೊನಾ ಬಂದ ವರ್ಷ ಕಾಲೇಜಿಗೆ ಬೀಗ ಬಿತ್ತು. ಪಾಠ ನಿಲ್ಲಿಸಬಾರದು, ಎಲ್ಲ ಫೋನಿನಲ್ಲೇ ನಡೆಯಲಿ ಎಂಬ ಹುಕುಂ ಬಂತು. ಇತಿಹಾಸ ಕಲಿಸುವವರಿಗೆ ಅಡ್ಡಿಯಿಲ್ಲ, ಕುಳಿತು ಹೇಳಿದರಾಯಿತು. ನಾನು ಗುಂಡು ಎಸೆತವನ್ನು ಫೋನಿನಲ್ಲಿ ಕಲಿಸಬೇಕು. ಗುಂಡು ಕಾಲೇಜಿನ ಕೋಣೆಯಲ್ಲಿ. ಮಹಾದೇವಿ ಅಡುಗೆಮನೆಯಿಂದ ಒಂದು ತೆಂಗಿನಕಾಯಿ ತಂದುಕೊಟ್ಟಳು. ಮಾಳಿಗೆ ಮೇಲೆ ನಿಂತು ಅದನ್ನು ಕೊರಳಿಗೊತ್ತಿ, ತಿರುಗಿ, ಎಸೆದು ತೋರಿಸಿದೆ. ಕಾಯಿ ಪಕ್ಕದ ಮನೆಯವರ ನೀರಿನ ಟಾಕಿಗೆ ಬಡಿಯಿತು. ಅವರೊಂದಿಗೆ ಜಗಳ ಬಗೆಹರಿಸಿ ಬಂದು ನೋಡಿದರೆ ಫೋನು ಗಾಳಿಗೆ ಅಂಗಾತ ಬಿದ್ದಿತ್ತು. "ಸರ್, ನೀವು ಕಾಣವಲ್ರಿ, ಬರೇ ಆಕಾಶ ಕಾಣಾಕತ್ತೇತಿ" ಎಂದು ನಿಪ್ಪಾಣಿಯ ಹುಡುಗನೊಬ್ಬ ಎಷ್ಟು ಹೊತ್ತಿನಿಂದ ಕೂಗುತ್ತಿದ್ದನೋ.

ಆ ದಿನಗಳಲ್ಲಿ ಇದನ್ನೆಲ್ಲ ಹೇಳಿ ನಗುತ್ತಿದ್ದೆವು. ಪ್ರಥಮ ಚಿಕಿತ್ಸೆಯ ಪಾಠವನ್ನೂ ಹಾಗೇ ನಗುತ್ತ ಮುಗಿಸಿದೆ. ಮಹಾದೇವಿಗೆ ಅಂದು ಒಲೆಯ ಮುಂದೆ ಕೆಲಸ, ಕೈ ಕೊಡಲು ಯಾರೂ ಇರಲಿಲ್ಲ. ಒಂದು ತಲೆದಿಂಬನ್ನು ಉದ್ದಕ್ಕೆ ಸುತ್ತಿ, ಇದು ಮೊಳಕೈ ಎಂದುಕೊಳ್ಳಿ ಎಂದು ಹೇಳಿ ಪಟ್ಟಿ ಸುತ್ತಿದೆ. ಪಟ್ಟಿ ಎಲ್ಲಿಂದ ಆರಂಭ, ಎಲ್ಲಿ ತಿರುವು, ಗಂಟು ಎಲ್ಲಿ, ಎಲ್ಲ ಹೇಳಿದೆ. ಉಗುರು ಒತ್ತಿ ನೋಡಬೇಕು ಎಂದೂ ಹೇಳಿದೆ ಎಂದೇ ನನ್ನ ನೆನಪು. ಆದರೆ ತಲೆದಿಂಬಿಗೆ ಉಗುರಿಲ್ಲ, ಅದಕ್ಕೆ ಇರುವೆಯೂ ಹರಿಯುವುದಿಲ್ಲ. ಅರವತ್ತು ಮಂದಿಯಲ್ಲಿ ಎಷ್ಟು ಜನಕ್ಕೆ ಆ ಹೊತ್ತಿನಲ್ಲಿ ನೆಟ್‌ವರ್ಕ್ ಇತ್ತು, ಎಷ್ಟು ಜನ ಫೋನನ್ನು ಹಚ್ಚಿಟ್ಟು ಎಮ್ಮೆ ಹಿಂಡಲು ಹೋಗಿದ್ದರು, ಆ ದೇವರಿಗೇ ಗೊತ್ತು.

ಆ ವರ್ಷದ ವಿದ್ಯಾರ್ಥಿಗಳಲ್ಲಿ ರೂಪಾಲಿ ಒಬ್ಬಳು. ಕೃಷ್ಣೆಯ ದಂಡೆಯ ದಿಗ್ಗೇವಾಡಿಯವಳು. ತಂದೆ ಇಲ್ಲ, ತಾಯಿ ಶಾಂತಾಬಾಯಿ ಕೂಲಿ ಮಾಡಿ ಮಗಳನ್ನು ಓದಿಸಿದವಳು. ಖೋಖೋದಲ್ಲಿ ರೂಪಾಲಿಯನ್ನು ಹಿಡಿಯುವುದು ಸುಲಭದ ಮಾತಾಗಿರಲಿಲ್ಲ. ಆಕೆಯ ಮನೆಯಲ್ಲಿ ಫೋನಿಗೆ ಸಿಗ್ನಲ್ ಬರುತ್ತಿರಲಿಲ್ಲ. ಹೊಳೆಯ ದಂಡೆಯಲ್ಲಿ, ನೀರೆತ್ತುವ ಪಂಪಿನ ಮನೆಯ ಮೆಟ್ಟಿಲ ಮೇಲೆ ಕುಳಿತರೆ ಮಾತ್ರ ಪಾಠ ಕೇಳಿಸುತ್ತಿತ್ತು. ಪಂಪು ಶುರುವಾದರೆ ಅದೂ ಇಲ್ಲ. ಆದರೂ ಒಂದು ದಿನ ತಪ್ಪಿಸಿದವಳಲ್ಲ. ಹಾಜರಿ ಕರೆದಾಗ "ಹಾಂ ಸರ್" ಎನ್ನುವ ಅವಳ ದನಿಯ ಹಿಂದೆ ಗುಡುಗುಡು ಸದ್ದು ಇದ್ದೇ ಇರುತ್ತಿತ್ತು.

ಪ್ರಾಯೋಗಿಕ ಪರೀಕ್ಷೆಯೂ ಫೋನಿನಲ್ಲೇ ಆಯಿತು. ಮನೆಯವರ ಯಾರದಾದರೂ ಕೈಗೆ ಪಟ್ಟಿ ಕಟ್ಟಿ ವಿಡಿಯೊ ಕಳಿಸಿ ಎಂದೆವು. ಅರವತ್ತು ವಿಡಿಯೊ ಬಂದವು. ರೂಪಾಲಿ ತನ್ನ ತಾಯಿಯ ಮೊಳಕೈಗೆ ಮರದ ಪಟ್ಟಿಕೋಲು ಇಟ್ಟು, ಹಳೆಯ ಸೀರೆಯ ಅಂಚಿನಿಂದ ಕಟ್ಟಿದ್ದಳು. ಸುತ್ತುಗಳು ಒಂದರ ಮೇಲೊಂದು ಅಳತೆ ಹಿಡಿದು ಕೂಡಿಸಿದಂತೆ ಕಂಡವು. ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು ಕೊಟ್ಟೆ. ಅಷ್ಟೇ ಅಲ್ಲ, "ಎಲ್ಲರೂ ಹೀಗೆ ಕಟ್ಟಬೇಕು" ಎಂದು ಬರೆದು ಆ ವಿಡಿಯೊವನ್ನು ಎಲ್ಲರಿಗೂ ಕಳಿಸಿದೆ.

ಕೋರ್ಸು ಮುಗಿದ ಮೇಲೆ ಆಕೆಗೆ ಹಾರೂಗೇರಿಯ ಕಡೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಸೀಟಿ ಹಾಕಿಕೊಂಡು ನಿಂತ ಫೋಟೊ ಕಳಿಸಿದ್ದಳು. ಮಹಾದೇವಿಗೂ ತೋರಿಸಿದೆ. ಆಮೇಲೆ ಮೂರು ವರ್ಷ ಸುದ್ದಿಯಿರಲಿಲ್ಲ. ಒಂದು ಮಧ್ಯಾಹ್ನ ಫೋನು ಬಂತು.

"ಸರ್, ನಾನ್ರಿ, ರೂಪಾಲಿ. ದಿಗ್ಗೇವಾಡಿ."

"ಹೇಳವ್ವಾ. ಆರಾಮ ಅದಿಯಲ್ಲ?"

ಆಕೆ ನೇರವಾಗಿ ಕೇಳಿದಳು: "ಸರ್, ಪಟ್ಟಿ ಬಿಗಿ ಕಟ್ಟಿದ್ರ ಕೈ ಹೋಗತೈತೇನ್ರಿ?"

ನಡೆದದ್ದನ್ನು ತುಣುಕು ತುಣುಕಾಗಿ ಹೇಳಿದಳು. ಆರನೆಯ ತರಗತಿಯ ಆಫ್ರೀನ್ ಎಂಬ ಹುಡುಗಿ ಖೋಖೋ ಆಡುವಾಗ ಕಂಬ ಸುತ್ತುವ ಭರದಲ್ಲಿ ಎಡವಿ, ಬಲಗೈ ಊರಿ ಬಿದ್ದಳು. ಮೊಳಕೈ ಬಾತುಕೊಂಡಿತು. ರೂಪಾಲಿ ಪಟ್ಟಿಕೋಲು ಇಟ್ಟು, ಅಂಗೈಯಿಂದ ತೋಳಿನ ತನಕ, ಎಲುಬು ಅಲ್ಲಾಡಬಾರದೆಂದು ಗಟ್ಟಿಯಾಗಿ ಕಟ್ಟಿದಳು. ನೋಡಿದವರೆಲ್ಲ ಎಷ್ಟು ಚಂದ ಕಟ್ಟಿದ್ದಾಳೆ ಎಂದರು. ಹುಡುಗಿಯ ತಂದೆ ದಸ್ತಗೀರ ಗಾದಿ ತುಂಬುವ ಅಂಗಡಿಯವನು, ಅಂದು ಹತ್ತಿ ತರಲು ಊರು ಬಿಟ್ಟಿದ್ದ. ಅವನು ಬರುವ ತನಕ ಕಾದರು. ಸಂಜೆ ಒಂದು ಸಣ್ಣ ದವಾಖಾನೆಗೆ ಒಯ್ದರೆ, ಕಟ್ಟು ಚಲೋ ಇದೆ, ಬಿಚ್ಚಬೇಡಿ, ನಾಳೆ ಮೀರಜಿಗೆ ಎಲುಬಿನ ಡಾಕ್ಟರರ ಹತ್ತಿರ ಹೋಗಿ ಎಂದರು. ಬೆರಳು ಉರಿಯುತ್ತವೆ ಎಂದು ಹುಡುಗಿ ಅತ್ತಳು. ಎಲುಬು ಮುರಿದ ಮೇಲೆ ನೋವು ಇದ್ದದ್ದೇ ಎಂದು ಗುಳಿಗೆ ಕೊಟ್ಟು ಮಲಗಿಸಿದರು. ಮರುದಿನ ಮೀರಜಿನಲ್ಲಿ ಪಟ್ಟಿ ಕತ್ತರಿಸಿದಾಗ ಬೆರಳುಗಳು ತಣ್ಣಗಾಗಿದ್ದವು. ಎರಡು ಸಲ ಆಪರೇಷನ್ ಆಯಿತು. ಕೈ ಉಳಿಯಿತು. ಬೆರಳುಗಳು ಅಂಗೈಗೆ ಮಡಚಿಕೊಂಡು ನಿಂತವು, ಬಿಡಿಸಿದರೆ ಬಿಡಿಸಿಕೊಳ್ಳುವುದಿಲ್ಲ.

"ಡಾಕ್ಟರ ಏನಂದ್ರು?" ಎಂದು ಕೇಳಿದೆ.

"ಇಂಥಾ ಮುರಿತಕ್ಕ ಬಾವು ಬಂದ ಬರತೈತಿ, ಪಟ್ಟಿ ಸಡಿಲ ಇದ್ದಿದ್ರ ಇಷ್ಟ ಆಗತಿರಲಿಲ್ಲ ಅಂದ್ರಂತ್ರಿ." ಆಮೇಲೆ ಹೇಳಿದಳು: "ಸಾಲ್ಯಾಗ ವಿಚಾರಣಿ ಇಟ್ಟಾರ ಸರ್. ನಾ ಸರಿಯಾಗಿ ಕಲತೀನಿ ಅಂತ ನೀವೊಂದು ಕಾಗದ ಬರದ ಕೊಡ್ರಿ. ನೀವ ಮಾರ್ಕ್ಸ್ ಕೊಟ್ಟವರು. ನಿಮ್ಮ ಮಾತ ಕೇಳ್ತಾರ."

ಕಾಗದ ಬರೆಯುವ ಮೊದಲು ಆ ವಿಡಿಯೊ ಇನ್ನೊಮ್ಮೆ ನೋಡೋಣ ಎನಿಸಿತು. ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಪರೀಕ್ಷೆಯ ಹೊತ್ತಿನಲ್ಲಿ ಆ ಅರವತ್ತು ವಿಡಿಯೊಗಳನ್ನು ನಾನು ನೋಡಿದ್ದು ಊಟ ಮಾಡುತ್ತ, ಎರಡು ಪಟ್ಟು ವೇಗದಲ್ಲಿ, ದನಿ ಬಂದ್ ಮಾಡಿ. ಕಣ್ಣಿಗೆ ಕಾಣುವುದು ಪಟ್ಟಿಯೇ ತಾನೆ, ಕೇಳುವುದೇನಿದೆ ಎಂದುಕೊಂಡಿದ್ದೆ. ಈಗ ದನಿ ಹಚ್ಚಿ, ಇದ್ದ ವೇಗದಲ್ಲಿ, ಕೊನೆಯ ತನಕ ನೋಡಿದೆ.

ಗಂಟು ಹಾಕಿ ಮುಗಿದ ಮೇಲೆ ಶಾಂತಾಬಾಯಿ ಮುಖ ಹಿಂಡಿದಳು. "ಸಡಲ ಮಾಡ ಬೇ, ಬೆರಳು ಜುಮ್ಮ ಅನ್ನಾಕತ್ತಾವ" ಎಂದಳು.

ರೂಪಾಲಿ ಫೋನಿನ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, "ಸುಮ್ಮನಿರವ್ವ. ಸರ್ ನೋಡತಾರ" ಎಂದಳು.

ತಾಯಿ ಸುಮ್ಮನಾದಳು. ವಿಡಿಯೊ ಅಲ್ಲಿಗೆ ಮುಗಿಯುತ್ತದೆ.

ನಾನು ಅದನ್ನು ಮತ್ತೆ ಮತ್ತೆ ಹಚ್ಚಿ ಕೇಳಿದೆ. ಮಹಾದೇವಿ ಒಳಗಿನಿಂದ ಬಂದು ಹಿಂದೆ ನಿಂತದ್ದು ಗೊತ್ತಾಗಲಿಲ್ಲ. ಆಕೆಯೂ ಕೇಳಿಸಿಕೊಂಡಳು. ನಾನು ಉಣ್ಣದೆ ಬಿಟ್ಟ ತಾಟು ಎತ್ತಿಕೊಂಡು ಹೋದಳು.

ಮರುದಿನ ನಮ್ಮ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಬಾಗಿಲು ಮುಚ್ಚಿ ಬಂದು ಕುಳಿತರು.

"ನೋಡ್ರಿ, ನೀವು ಸರಿಯಾಗಿ ಕಲಿಸಿಲ್ಲ ಅಂತ ಬರದ್ರ ಆ ವರ್ಷ ಪಾಸಾದ ಅಷ್ಟೂ ಮಂದಿ ಸರ್ಟಿಫಿಕೇಟಿನ ಮ್ಯಾಲ ಮಾತ ಬರತೈತಿ. ಅವರೆಲ್ಲರದೂ ಹೊಟ್ಟಿಪಾಡು ಐತಿ. ಆ ಹುಡಿಗಿಗೂ ಇದರಿಂದ ಚಲೋನ ಆಗತೈತಿ. ಪಠ್ಯಕ್ರಮದ ಪ್ರಕಾರ ಪೂರ್ಣ ತರಬೇತಿ ಕೊಟ್ಟೇವಿ ಅಂತ ಬರೀರಿ. ಅಷ್ಟ ಸಾಕು."

ನಾನು ಅಷ್ಟೇ ಬರೆದೆ. ಪ್ರಥಮ ಚಿಕಿತ್ಸೆಯಲ್ಲಿ ಪೂರ್ಣ ತರಬೇತಿ ಪಡೆದಿದ್ದಾಳೆ, ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು ಅಂಕ ಗಳಿಸಿದ್ದಾಳೆ ಎಂದು ಬರೆದು, ಮೊಹರು ಹಾಕಿಸಿ ಕಳಿಸಿದೆ. ಆ ಹುಡುಗಿಗೆ ಒಳ್ಳೆಯದಾಗಲಿ ಎಂದೇ ಬರೆದೆ ಎಂದು ನನಗೆ ನಾನೇ ಹೇಳಿಕೊಂಡೆ. ರೂಪಾಲಿ ಫೋನು ಮಾಡಿ, "ನಿಮ್ಮ ಉಪಕಾರ ಮರಿಯೂದಿಲ್ರಿ ಸರ್" ಎಂದಳು.

ಹದಿನೈದು ದಿನಕ್ಕೆ ಆಕೆಯನ್ನು ಕೆಲಸದಿಂದ ತೆಗೆದರು. ಪೂರ್ಣ ತರಬೇತಿ ಪಡೆದಿದ್ದೂ ನಿರ್ಲಕ್ಷ್ಯದಿಂದ ಮಗುವಿನ ಕೈಗೆ ಹಾನಿ ಮಾಡಿದ್ದಾಳೆ ಎಂಬುದು ತೀರ್ಮಾನ. ಗೊತ್ತಿಲ್ಲದೆ ಮಾಡಿದ್ದರೆ ಬೇರೆ ಮಾತಿತ್ತು, ಗೊತ್ತಿದ್ದವಳು ಹೀಗೆ ಕಟ್ಟಿದಳೆಂದರೆ ಕ್ಷಮೆಯಿಲ್ಲ ಎಂದರಂತೆ. ಗೊತ್ತಿದೆ ಎಂಬುದಕ್ಕೆ ಅವರ ಕೈಯಲ್ಲಿದ್ದ ಪುರಾವೆ ಒಂದೇ, ನನ್ನ ಸಹಿಯ ಕಾಗದ.

ನಾನು ದಿಗ್ಗೇವಾಡಿಗೆ ಹೋಗಲು ಇನ್ನೂ ಎರಡು ತಿಂಗಳು ಬೇಕಾಯಿತು. ಮೊಣಕಾಲು ನೋವು, ಪರೀಕ್ಷೆ, ಸಂಬಂಧಿಕರ ಲಗ್ನ, ಕಾರಣಗಳಿಗೆ ಬರಗಾಲವಿರಲಿಲ್ಲ. ಕೊನೆಗೆ ಮಹಾದೇವಿಯೇ ಚೀಲ ತುಂಬಿ ಹೊರಡಿಸಿದಳು.

ತಾಯಿ ಮಗಳು ಆಗಷ್ಟೇ ಅರಿಷಿಣದ ಹೊಲದಿಂದ ಬಂದಿದ್ದರು. ಇಬ್ಬರ ಕೈಗೂ ಮಣ್ಣು. ಶಾಂತಾಬಾಯಿ ಚಾಪೆ ಹಾಸಿ, "ಬರ್ರಿ ಸರ್, ಕೂಡ್ರಿ" ಎಂದು ನೀರು ತಂದಿಟ್ಟಳು. ಆ ಉಪಚಾರ ನನಗೆ ತಡೆಯಲಾಗಲಿಲ್ಲ. ನೀರು ಮುಟ್ಟದೆ ಎಲ್ಲ ಹೇಳಿಬಿಟ್ಟೆ. ದನಿ ಬಂದ್ ಮಾಡಿ ನೋಡಿದ್ದು, ಕಾಗದ ಬರೆಯುವ ಮೊದಲೇ ನಿಜ ಗೊತ್ತಾಗಿದ್ದು, ಗೊತ್ತಾದ ಮೇಲೂ ಬರೆದದ್ದು.

ರೂಪಾಲಿ ನೆಲ ನೋಡುತ್ತ ಕುಳಿತಿದ್ದಳು. ಬಯ್ಯುತ್ತಾಳೆ ಎಂದು ಕಾದೆ. ಬಯ್ದಿದ್ದರೆ ಹಗುರಾಗುತ್ತಿತ್ತು.

"ನೀವು ಕೇಳಲಿಲ್ಲ, ಖರೇ" ಎಂದಳು. "ನಾ ಅಲ್ಲೇ ಇದ್ನೆಲ್ರಿ ಸರ್. ನಮ್ಮವ್ವ ನನ್ನ ಮುಂದ ಹೇಳಿದ್ಲು. ನಾನ ಆಕಿ ಬಾಯಿ ಮುಚ್ಚಿಸಿದ್ನಿ. ಆಮ್ಯಾಲ ಇಪ್ಪತ್ನಾಲ್ಕ ಬಂದ್ವಲ್ಲ, ನೋಡವ್ವಾ, ನಾ ಕಟ್ಟಿದ್ದ ಸರಿ ಐತಿ, ನಿನಗ ಸುಮ್ಮನ ನೋವು ಅಂದಿದ್ನಿ. ಆಫ್ರೀನ್ ಅತ್ತಾಗೂ ಹಂಗ ಅಂದ್ನಿ. ಸುಮ್ಮನ ನೋವು, ತಡಕೋ ಅಂತ."

ಶಾಂತಾಬಾಯಿ ಮಗಳ ಬೆನ್ನ ಮೇಲೆ ಕೈ ಇಟ್ಟಳು. ನನ್ನ ಕಡೆ ನೋಡಲಿಲ್ಲ.

ಅಲ್ಲೇ ಕುಳಿತು ಎರಡನೆಯ ಕಾಗದ ಬರೆದೆ. ನಡೆದದ್ದು ನಡೆದ ಹಾಗೆ. ಶಾಲೆಗೆ ಒಯ್ದು ಕೊಟ್ಟೆ. ವಿಚಾರಣೆ ಮುಗಿದಿದೆ, ಫೈಲು ಮುಚ್ಚಿದೆ, ಇನ್ನು ತೆಗೆಯಲಾಗುವುದಿಲ್ಲ ಎಂದರು. ನಮ್ಮ ಕಾಲೇಜಿಗೂ ಒಂದು ಪ್ರತಿ ಕೊಟ್ಟೆ. ಅಂದಿನಿಂದ ನನ್ನನ್ನು ಪರೀಕ್ಷೆಯ ಕೆಲಸದಿಂದ ದೂರ ಇಟ್ಟಿದ್ದಾರೆ. ಪ್ರಿನ್ಸಿಪಾಲರು ಎದುರಿಗೆ ಸಿಕ್ಕರೆ ಫೋನು ನೋಡುತ್ತ ಹೋಗುತ್ತಾರೆ. ಅದು ಶಿಕ್ಷೆಯಾಯಿತೆಂದು ನಾನು ಹೇಳಲಾರೆ. ರೂಪಾಲಿ ಇನ್ನೂ ಹೊಲಕ್ಕೇ ಹೋಗುತ್ತಿದ್ದಾಳೆ. ಬೇರೆ ಎರಡು ಶಾಲೆಗಳಲ್ಲಿ ಕೇಳಿದಳಂತೆ. ಆಫ್ರೀನಳ ಕೈ ಕೆಟ್ಟ ಸುದ್ದಿ ಆಕೆಗಿಂತ ಮೊದಲು ಅಲ್ಲಿಗೆ ಮುಟ್ಟಿತ್ತು.

ಆಫ್ರೀನಳ ಮನೆಗೆ ರೂಪಾಲಿಯೇ ನನ್ನನ್ನು ಕರೆದೊಯ್ದಳು. ಆಕೆ ಪ್ರತಿ ಭಾನುವಾರ ಅಲ್ಲಿಗೆ ಹೋಗಿ, ಬಿಸಿನೀರಿನಲ್ಲಿ ಹುಡುಗಿಯ ಕೈ ಅದ್ದಿಸಿ, ಡಾಕ್ಟರು ತೋರಿಸಿದ ಹಾಗೆ ಒಂದೊಂದೇ ಬೆರಳನ್ನು ಬಿಡಿಸುವ ಪ್ರಯತ್ನ ಮಾಡುತ್ತಾಳೆ. ಮೊದಮೊದಲು ಹುಡುಗಿಯ ತಾಯಿ ಬಾಗಿಲು ತೆರೆಯುತ್ತಿರಲಿಲ್ಲವಂತೆ. ಮೂರು ಭಾನುವಾರ ಕಟ್ಟೆಯ ಮೇಲೆ ಕುಳಿತು ತಿರುಗಿ ಬಂದಿದ್ದಳು. ನಾಲ್ಕನೆಯ ಸಲ ಆಫ್ರೀನಳೇ ಎಡಗೈಯಿಂದ ಚಿಲಕ ತೆಗೆದಳು.

ನಾವು ಹೋದಾಗ ಹುಡುಗಿ ಎಡಗೈಯಲ್ಲಿ ಅಕ್ಷರ ಬರೆಯುತ್ತಿದ್ದಳು. ಬಲಗೈ ಓಢಣಿಯೊಳಗಿತ್ತು. "ಬಾಯಾರ, ಸಾಲ್ಯಾಗ ಹೆಣ್ಣ ಹುಡುಗ್ಯಾರಿಗಿ ಆಟಾನ ಬಂದ್ ಮಾಡ್ಯಾರ್ರಿ. ಬೀಳತೀರಿ ಅಂತಾರ. ಎಲ್ಲಾರೂ ನನಗ ಬಯ್ಯಾಕತ್ತಾರ" ಎಂದು ತನ್ನ ಹಳೆಯ ಟೀಚರ್ ರೂಪಾಲಿಗೆ ಹೇಳಿದಳು. ರೂಪಾಲಿ ನೀರಿನ ಬಿಸಿ ನೋಡಲು ಒಳಗೆ ಹೋದಳು.

ದಸ್ತಗೀರ ಮನೆಯ ಮುಂಭಾಗದ ಅಂಗಡಿಯಲ್ಲಿ ಗಾದಿಗೆ ಹತ್ತಿ ತುಂಬುತ್ತಿದ್ದ. ಕೂಡಿ ಎನ್ನಲಿಲ್ಲ. ನಾನು ನಿಂತೇ ಹೇಳಿದೆ. ಅವನು ಕೈ ನಿಲ್ಲಿಸದೆ ಪೂರ್ತಿ ಕೇಳಿಸಿಕೊಂಡ. ಗಡ್ಡದ ಮೇಲೆ, ಹುಬ್ಬಿನ ಮೇಲೆ ಹತ್ತಿ ಕೂತಿತ್ತು. ಹೊಡೆಯುತ್ತಾನೇನೋ ಎಂಬ ಹೆದರಿಕೆ ನನಗಿತ್ತು ಎಂದರೆ ಸುಳ್ಳಲ್ಲ.

"ಹಿಂಗ ಫೋನಿನ್ಯಾಗ ಎಷ್ಟ ಮಂದಿಗಿ ಕಲಿಸಿದ್ರಿ, ಮಾಸ್ತರ?" ಎಂದು ಕೇಳಿದ.

"ಅರವತ್ತ ಮಂದಿಗ್ರಿ."

"ಅವರೆಲ್ಲಾ ಈಗ ಎಲ್ಲಿ ಅದಾರ?"

"ಸಾಲ್ಯಾಗ ಅದಾರ್ರಿ" ಎಂದೆ. "ನಿಪ್ಪಾಣಿ ಕಡೆ, ಕಾಗವಾಡ ಕಡೆ, ಅಥಣಿ ಕಡೆ. ಹುಡುಗರಿಗೆ ಆಟ ಕಲಸಾಕತ್ತಾರ."

ಅವನು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ. ಮತ್ತೆ ಹತ್ತಿಗೆ ಕೈ ಹಾಕಿದ.

ಊರಿಗೆ ಬಂದು ಹಳೆಯ ಹಾಜರಿಯ ವಹಿ ತೆಗೆದೆ. ಈಗ ರಜೆ ಸಿಕ್ಕ ದಿನ ಧೋತರದ ಪಟ್ಟಿಗಳನ್ನು ಚೀಲದಲ್ಲಿ ಹಾಕಿಕೊಂಡು ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗುತ್ತೇನೆ. ಇದುವರೆಗೆ ಹತ್ತೊಂಬತ್ತು ಜನರ ಕೈಗೆ ಕಟ್ಟಿ, ಅವರಿಂದ ನನ್ನ ಕೈಗೆ ಕಟ್ಟಿಸಿಕೊಂಡಿದ್ದೇನೆ. ಕಾಗವಾಡದ ಒಬ್ಬ ನಕ್ಕ. ನಿಪ್ಪಾಣಿಯ ಒಬ್ಬ, ಸರ್‌ಗೆ ವಯಸ್ಸಾಯಿತು ಎಂದು ಗೆಳೆಯರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಕೆಲವರು ಫೋನು ಎತ್ತುವುದೇ ಇಲ್ಲ. ಏಳು ಜನ ಎಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲ.

ಮೊನ್ನೆ ಅಥಣಿಯ ಹತ್ತಿರದ ಶಾಲೆಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿಗೆ ಫೋನು ಮಾಡಿ, ನಾಳೆ ಬರುತ್ತೇನೆ, ಪಟ್ಟಿ ಕಟ್ಟುವುದನ್ನು ಇನ್ನೊಮ್ಮೆ ನೋಡೋಣ ಎಂದೆ. ಆಕೆಗೆ ಅಚ್ಚರಿಯಾಯಿತು.

"ಯಾಕ್ರಿ ಸರ್? ನನಗ ನೀವ ಇಪ್ಪತ್ತೈದಕ್ಕ ಇಪ್ಪತ್ತಮೂರು ಕೊಟ್ಟಿದ್ರೆಲ್ರಿ?"

"ಕೊಟ್ಟಿದ್ನವ್ವಾ" ಎಂದೆ. "ಅದಕ್ಕ ಬರಾಕತ್ತೀನಿ."